ಹೊಗೆ ಹೋಯಿತು, ಕಿಂಡಿಯೂ ಹೋಯಿತು

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಕಟ್ಟಿದವರ ಕಾಲದಲ್ಲಿ ಹೊಗೆಯಿಲ್ಲದ ಬೆಂಕಿಯೂ ಇರಲಿಲ್ಲ. ಅಡುಗೆಮನೆಯಲ್ಲಿ ಒಲೆ ಹೊತ್ತಿದರೆ ಪಡಸಾಲೆಯಲ್ಲಿ ಕುಳಿತವರಿಗೆ ತಿಳಿಯುತ್ತಿತ್ತು. ಬಚ್ಚಲಲ್ಲಿ ಹಂಡೆಗೆ ಉರಿ ಹಾಕಿದರೆ ಓಣಿಗೇ ಗೊತ್ತಾಗುತ್ತಿತ್ತು. ಇಂದು ಸ್ನಾನದ ಕೋಣೆಯ ಗೋಡೆಗೆ ತೂಗುಹಾಕಿದ ತಗಡಿನ ಪೆಟ್ಟಿಗೆಯೊಂದರಲ್ಲಿ, ನಲ್ಲಿ ತಿರುಗಿಸಿದೊಡನೆ ನೀಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಹೊಗೆ ಕಾಣುವುದಿಲ್ಲ, ಕಣ್ಣು ಉರಿಯುವುದಿಲ್ಲ, ಗೋಡೆ ಕಪ್ಪಾಗುವುದಿಲ್ಲ. ಈ ಅನುಕೂಲದ ಬೆನ್ನಿಗೇ ಒಂದು ಅಪಾಯವೂ ಮನೆಯೊಳಗೆ ಬಂದು ಕುಳಿತಿದೆ.

2023ರ ಜೂನ್‌ನಲ್ಲಿ ಬೆಂಗಳೂರಿನ ಹೊರವಲಯದ ಚಿಕ್ಕಬಾಣಾವರದ ಮನೆಯೊಂದರ ಸ್ನಾನದ ಕೋಣೆಯಲ್ಲಿ ಇಬ್ಬರು ಪ್ರಾಣ ಬಿಟ್ಟರು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಸಹೋದರಿಯರು ಜೀವಂತವಾಗಿ ಹೊರಬರಲಿಲ್ಲ. ಎರಡೂ ಕಡೆ ಬೆರಳು ಗ್ಯಾಸ್ ಗೀಸರಿನತ್ತ ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ, ಮುಚ್ಚಿದ ಕೋಣೆಯೊಳಗೆ ಇದ್ದಿಲು ಹೊತ್ತಿಸಿಟ್ಟು ಮಲಗಿದ್ದ ಯುವಕರಲ್ಲಿ ಮೂವರು ಉಸಿರುಗಟ್ಟಿ ಸತ್ತರು.

ಒಂದು ಕಡೆ ಉರಿದದ್ದು ಗ್ಯಾಸು, ಇನ್ನೊಂದು ಕಡೆ ಇದ್ದಿಲು. ಒಂದು ಹೊಸ ಯಂತ್ರ, ಇನ್ನೊಂದು ಅಜ್ಜನ ಕಾಲದ ಅಗ್ಗಿಷ್ಟಿಕೆಯ ಪದ್ಧತಿ. ಆದರೂ ಇಂಥ ಎಲ್ಲ ದುರಂತಗಳ ಬೇರು ಒಂದೇ: ಬೆಂಕಿಯನ್ನು ಮನೆಯೊಳಗೆ ಕರೆದವರು ಅದರ ಉಸಿರು ಹೊರಹೋಗಲು ದಾರಿ ಬಿಟ್ಟಿರುವುದಿಲ್ಲ. ಮನುಷ್ಯ ಬೆಂಕಿಯನ್ನು ಪಳಗಿಸಿದ ಕಥೆಯನ್ನು ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದಾರೆ. ಬೆಂಕಿಗೆ ಹೊರದಾರಿ ಮಾಡಿಕೊಟ್ಟ ಕಥೆ ಅಷ್ಟೇ ಹಳೆಯದು, ಅಷ್ಟೇ ಮುಖ್ಯವಾದದ್ದು. ಆ ಕಥೆಯನ್ನು ಮರೆತಾಗಲೆಲ್ಲ ಜನ ಸತ್ತಿದ್ದಾರೆ.

ಬಚ್ಚಲ ಮನೆಯ ವಿವೇಕ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಪಾಲಬಾವಿ ಕಬ್ಬಿನ ಸೀಮೆಯ ಊರು. ಈ ಭಾಗದ ಹಳೆಯ ಮಾಳಿಗೆ ಮನೆಗಳ ರಚನೆಯಲ್ಲಿ ಒಂದು ವಿಶೇಷವಿದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮೇಲ್ಮುದ್ದೆ. ಬಿಸಿಲಿನ ಝಳ ಒಳಗೆ ಬಾರದಿರಲೆಂದು ಕಿಟಕಿಗಳು ಕಡಿಮೆ. ಆದರೆ ಅಡುಗೆಮನೆಯ ನೆತ್ತಿಯಲ್ಲಿ ಬೆಳಕಿಂಡಿ ಇರಲೇಬೇಕು. ಹೆಸರು ಬೆಳಕಿನದಾದರೂ ಅದರ ಕೆಲಸ ಎರಡು: ಬೆಳಕನ್ನು ಒಳಗೆ ಬಿಡುವುದು, ಹೊಗೆಯನ್ನು ಹೊರಗೆ ಕಳಿಸುವುದು. ಮಳೆ ಬಂದಾಗ ಮುಚ್ಚಲು ಮೇಲೊಂದು ಕಲ್ಲೋ ತಗಡೋ ಇರುತ್ತಿತ್ತು. ಮಳೆ ನಿಂತೊಡನೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಸರಿಸಬೇಕು. ಇಲ್ಲದಿದ್ದರೆ ಒಲೆಯ ಮುಂದೆ ಕುಳಿತವರು ಸುಮ್ಮನಿರುತ್ತಿರಲಿಲ್ಲ.

ಬಚ್ಚಲು ಸಾಮಾನ್ಯವಾಗಿ ಹಿತ್ತಲಿನ ಕಡೆಗೆ. ಒಲೆ ಕಟ್ಟಿ ಅದರ ಮೇಲೆ ತಾಮ್ರದ ಹಂಡೆಯನ್ನು ಕೂರಿಸುತ್ತಿದ್ದರು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು, ಕಬ್ಬಿನ ರವದಿ, ಹೀಗೆ ಹೊಲ ಕೊಟ್ಟದ್ದೇ ಉರುವಲು. ಕೆಲವು ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಆಚೆಗೆ ಇರುತ್ತಿತ್ತು. ಉರಿ ಹೊರಗೆ, ಬಿಸಿನೀರು ಒಳಗೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೂ ಬೆಂಕಿಗೂ ನಡುವೆ ಒಂದು ಗೋಡೆ. ಇದನ್ನು ಯಾರೂ ಸುರಕ್ಷತಾ ಕ್ರಮವೆಂದು ಕರೆಯಲಿಲ್ಲ. ಕಣ್ಣುರಿ ತಪ್ಪಲೆಂದು ಮಾಡಿಕೊಂಡ ಏರ್ಪಾಡು ಅದು. ಆದರೆ ಪ್ರಾಣವನ್ನು ಕಾಯುವ ಕೆಲಸವನ್ನೂ ಅದು ಮಾಡುತ್ತಿತ್ತು.

ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ಈ ಹಂಡೆಗೆ ರಾಜೋಪಚಾರ. ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ಅದಕ್ಕೆಂದೇ ಆ ದಿನಕ್ಕೆ ನೀರು ತುಂಬುವ ಹಬ್ಬವೆಂಬ ಹೆಸರು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಮನೆಮಂದಿಯೆಲ್ಲ ಅಭ್ಯಂಜನ ಮಾಡುತ್ತಾರೆ. ಬಿಸಿನೀರಿನ ಸ್ನಾನ ಕರ್ನಾಟಕದಲ್ಲಿ ಕೇವಲ ಶುಚಿಯ ವಿಷಯವಲ್ಲ. ಅದು ಹಬ್ಬ, ಬಾಣಂತನ, ಉಪಚಾರಗಳೊಂದಿಗೆ ಬೆರೆತು ಬಂದಿರುವ ಸಂಸ್ಕೃತಿ. ಆದ್ದರಿಂದಲೇ ನೀರು ಕಾಯಿಸುವ ಸಾಧನ ಬದಲಾದಾಗ ಮನೆಯ ರಚನೆಯೇ ಬದಲಾಗುತ್ತದೆ.

ಮರಾಠಿ ಸೀಮೆಗೆ ಹೊಂದಿಕೊಂಡ ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಡೆ ಅನುಕೂಲಸ್ಥರ ಮನೆಗಳಲ್ಲಿ ಹಂಡೆಯ ಜೊತೆಗೆ ಬಂಬ ಬಂತು. ತಾಮ್ರದ ಎತ್ತರದ ಪಾತ್ರೆ. ಅದರ ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೆಂಡ ಕೊಳವೆಯ ಬುಡದಲ್ಲಿ, ನೀರು ಕೊಳವೆಯ ಸುತ್ತ. ಬಿಸಿಗಾಳಿ ನೀರಿನ ನಡುವಿನಿಂದಲೇ ಏರಿ ಮೇಲೆ ಹೊರಬೀಳುತ್ತದೆ. ಚಹಾದ ನೀರು ಕಾಯಿಸುವ ರಷ್ಯದ ಸಮೋವಾರದ ತಂತ್ರವೂ ಇದೇ. ಬಂಬದ ವೈಶಿಷ್ಟ್ಯವೆಂದರೆ ಅದರ ಹೊಗೆಕೊಳವೆಯನ್ನು ಕಿತ್ತುಹಾಕಲು ಬರುವುದಿಲ್ಲ. ಕೊಳವೆ ತೆಗೆದರೆ ಬಂಬವೇ ಇಲ್ಲ. ಬೂದಿ, ಕಿಡಿ ಹಾರುವುದರಿಂದ ಅದನ್ನು ಅಂಗಳದಲ್ಲಿ ಇಲ್ಲವೇ ಹಿತ್ತಲಲ್ಲಿ ಇಡುತ್ತಿದ್ದರು.

ಹೊಗೆಕೊಳವೆಯ ಶಾಸ್ತ್ರ ತಿಳಿಯಬೇಕಾದರೆ ಕಬ್ಬಿನ ಸೀಮೆಯ ಜನ ದೂರ ಹೋಗಬೇಕಿಲ್ಲ. ಬೆಲ್ಲದ ಗಾಣದಲ್ಲಿ ಕಡಾಯಿಯ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿರುತ್ತಾರೆ. ಒಲೆಯ ಇನ್ನೊಂದು ತುದಿಗೆ ಎತ್ತರದ ಚಿಮಣಿ. ಕಾದ ಗಾಳಿ ಹಗುರ, ಹಗುರವಾದದ್ದು ಮೇಲೇರುತ್ತದೆ. ಅದು ಏರಿದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಚಿಮಣಿ ಎತ್ತರವಾದಷ್ಟೂ ಸೆಳೆತ ಹೆಚ್ಚು, ಸೆಳೆತ ಹೆಚ್ಚಾದಷ್ಟೂ ಉರಿ ಚೊಕ್ಕಟ. ಚಿಮಣಿ ಹೊಗೆಯನ್ನು ಹೊರಗೆ ಕಳಿಸುವುದಷ್ಟೇ ಅಲ್ಲ, ಬೆಂಕಿಗೆ ಬೇಕಾದ ಗಾಳಿಯನ್ನು ಒಳಗೆ ಎಳೆಯುತ್ತದೆ ಎಂಬುದು ಗಾಣದಲ್ಲಿ ದುಡಿದವರಿಗೆಲ್ಲ ಗೊತ್ತು. ಗ್ಯಾಸ್ ಗೀಸರಿಗೂ ಬೇಕಾದದ್ದು ಈ ಎರಡೇ: ಗಾಳಿ ಬರಲು ಒಂದು ದಾರಿ, ಹೋಗಲು ಒಂದು ದಾರಿ.

ಹೊಗೆಯ ಇನ್ನೊಂದು ಮುಖ

ಹಳೆಯದೆಲ್ಲ ಒಳ್ಳೆಯದೆಂದು ಹೇಳಿ ಮುಗಿಸುವಂತಿಲ್ಲ. ಬೆಳಕಿಂಡಿಯಿಂದ ಹೊರಹೋದ ಹೊಗೆಗಿಂತ ಹೆಂಗಸರ ಎದೆಗೆ ಹೋದದ್ದೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮನೆಯೊಳಗಿನ ಒಲೆ, ದೀಪಗಳ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸತ್ತವರು ಸುಮಾರು 32 ಲಕ್ಷ. ನ್ಯೂಮೋನಿಯಾ, ದಮ್ಮು, ಹೃದಯದ ಬೇನೆ, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಈ ಸಾವು ಬರುತ್ತದೆ. ನಿಧಾನವಾಗಿ ಬರುವುದರಿಂದ ಸುದ್ದಿಯಾಗುವುದಿಲ್ಲ.

ಭಾರತದಲ್ಲಿ ಇದನ್ನು ಗಮನಿಸಿದವರು ಇರಲಿಲ್ಲವೆಂದಲ್ಲ. ವಾರ್ಧಾದ ಮಗನವಾಡಿಯಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ‘ಮಗನ್ ಚೂಲಾ’ ಎಂಬ ಹೊಗೆರಹಿತ ಒಲೆ ರೂಪುಗೊಂಡಿತು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲಿ ಕೋಟ್ಯಂತರ ಬಡವರ ಅಡುಗೆಮನೆಗೆ ಹೊಗೆಯಿಂದ ಮುಕ್ತಿ ಕೊಡುವ ಬಗೆಯನ್ನು ವಿವರಿಸಿ ಪುಸ್ತಕ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಅಲ್ಲಿ ಎಂಬತ್ತರ ದಶಕದಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಕರ್ನಾಟಕದ ಹಳ್ಳಿಗಳಿಗೆ ಹೋಯಿತು. ಮೂರು ಪಾತ್ರೆ ಇಡುವ, ಕಡಿಮೆ ಸೌದೆ ಬೇಡುವ ಆ ಒಲೆಯ ಜೀವಾಳವೇ ಗೋಡೆಗೆ ಅಂಟಿಕೊಂಡು ಮಾಳಿಗೆ ದಾಟುವ ಹೊಗೆಕೊಳವೆ. ಅದೇ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾಗಿದ್ದವು.

ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕಾರಣ ಹೆಚ್ಚಾಗಿ ಒಲೆಯಲ್ಲ, ಕೊಳವೆ. ಮಸಿ ಕಟ್ಟಿದ ಕೊಳವೆಯನ್ನು ತೆಗೆದು ತಿಕ್ಕುವವರಿರಲಿಲ್ಲ. ಮಾಳಿಗೆ ಕೊರೆದ ಕಡೆ ಮಳೆನೀರು ಸೋರುತ್ತಿತ್ತು. ಒಡೆದ ಕೊಳವೆಗೆ ಬದಲಿ ಸಿಗುತ್ತಿರಲಿಲ್ಲ. ಬೆಂಕಿ ಎಲ್ಲರಿಗೂ ಬೇಕು, ಅದರ ಕೊಳವೆ ಯಾರಿಗೂ ಬೇಡ ಎಂಬ ಪಾಠ ಅಲ್ಲಿಯೇ ಸಿಕ್ಕಿತ್ತು.

ಚಕ್ರವರ್ತಿಯ ಕೋಣೆ, ಲೇಖಕನ ಕೋಣೆ

ಈ ಪಾಠ ಕಲಿಯಲು ಬೇರೆ ದೇಶಗಳೂ ಬೆಲೆ ತೆತ್ತಿವೆ. ರೋಮಿನ ಚಕ್ರವರ್ತಿಯಾದ ಜೂಲಿಯನ್, ಪಟ್ಟಕ್ಕೆ ಬರುವ ಮೊದಲು ನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ ಇಂದಿನ ಪ್ಯಾರಿಸ್ ಇರುವ ಜಾಗದಲ್ಲಿ ಒಂದು ಕಠಿಣ ಚಳಿಗಾಲ ಕಳೆದ. ಚಳಿ ಹೆಚ್ಚಾದಾಗ ಮಲಗುವ ಕೋಣೆಗೆ ಕೆಂಡ ತರಿಸಿದ. ತಲೆ ಭಾರವಾಯಿತು, ಪ್ರಜ್ಞೆ ತಪ್ಪಿತು. ಆಳುಗಳು ಹೊರಗೆ ಹೊತ್ತು ತಂದುದರಿಂದ ಬದುಕಿದ. ಈ ಅನುಭವವನ್ನು ಅವನೇ ಬರೆದಿಟ್ಟಿದ್ದಾನೆ. ಹದಿನಾರು ಶತಮಾನಗಳಿಗೂ ಹೆಚ್ಚು ಕಾಲ ಸಂದಿದೆ. ಬೆಳಗಾವಿಯ ಕೋಣೆಯಲ್ಲಿ ನಡೆದದ್ದು ಅದೇ, ಹೊತ್ತು ತರುವವರು ಇರಲಿಲ್ಲ ಅಷ್ಟೆ.

ಅದೇ ಪ್ಯಾರಿಸ್‌ನಲ್ಲಿ 1902ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಪ್ರಸಿದ್ಧ ಕಾದಂಬರಿಕಾರ ಎಮಿಲ್ ಝೋಲಾ ತೀರಿಕೊಂಡ. ಬೇಸಿಗೆಯನ್ನು ಹಳ್ಳಿಯ ಮನೆಯಲ್ಲಿ ಕಳೆದು ದಂಪತಿ ನಗರಕ್ಕೆ ಮರಳಿದ್ದರು. ಮಲಗುವ ಕೋಣೆಯಲ್ಲಿ ಕಲ್ಲಿದ್ದಲ ಬೆಂಕಿ ಹಾಕಲಾಗಿತ್ತು, ಬಾಗಿಲು ಕಿಟಕಿ ಮುಚ್ಚಿದ್ದವು, ಹೊಗೆಗೂಡು ಎಳೆಯುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಝೋಲಾ ಸತ್ತಿದ್ದ, ಹೆಂಡತಿ ಪ್ರಜ್ಞಾಹೀನಳಾಗಿದ್ದು ಬದುಕಿಕೊಂಡಳು. ತನಿಖೆಯವರು ಅದೇ ಕೋಣೆಯಲ್ಲಿ ಮತ್ತೆ ಬೆಂಕಿ ಹಾಕಿ ಗಿನಿಯಿಲಿಗಳನ್ನು ಬಿಟ್ಟು ನೋಡಿದರು. ಅವು ಸಾಯಲಿಲ್ಲ. ಅಪಘಾತವೆಂದು ಕಡತ ಮುಚ್ಚಲಾಯಿತು. ಡ್ರೇಫಸ್ ಎಂಬ ನಿರಪರಾಧಿ ಸೈನ್ಯಾಧಿಕಾರಿಯ ಪರ ನಿಂತು ಬಹಳ ಮಂದಿಯ ದ್ವೇಷ ಕಟ್ಟಿಕೊಂಡಿದ್ದ ಝೋಲಾನ ಹೊಗೆಗೂಡನ್ನು ಯಾರೋ ಬೇಕೆಂದೇ ಮುಚ್ಚಿದ್ದರೆಂಬ ಶಂಕೆ ಇಂದಿಗೂ ಉಳಿದಿದೆ. ನಿಜ ಏನೇ ಇರಲಿ, ಇಂದು ಎಳೆಯುವ ಹೊಗೆಗೂಡು ನಾಳೆ ಎಳೆಯದಿರಬಹುದು ಎಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಇನ್ನೂ ಈಚಿನ ಉದಾಹರಣೆ ಅಮೆರಿಕದ್ದು. ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದ ಟೆನಿಸ್ ಆಟಗಾರ ವಿಟಾಸ್ ಗೆರುಲೈಟಿಸ್ 1994ರ ಸೆಪ್ಟೆಂಬರ್‌ನಲ್ಲಿ ಸ್ನೇಹಿತರೊಬ್ಬರ ಅತಿಥಿಗೃಹದಲ್ಲಿ ಮಲಗಿದ್ದಾಗ ಸತ್ತ. ವಯಸ್ಸು 40. ಈಜುಕೊಳದ ನೀರು ಕಾಯಿಸುವ ಗ್ಯಾಸ್ ಹೀಟರಿನ ಹೊಗೆಕೊಳವೆಯನ್ನು ಸರಿಯಾಗಿ ಜೋಡಿಸಿರಲಿಲ್ಲ. ಅದರಿಂದ ಹೊರಬಿದ್ದ ವಿಷಗಾಳಿ ಮನೆಯ ಗಾಳಿವ್ಯವಸ್ಥೆಯ ಮೂಲಕ ಕೋಣೆ ಸೇರಿತ್ತು. ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮನೆ ಬಿಸಿ ಮಾಡುವ ಫರ್ನೇಸು, ನೀರಿನ ಹೀಟರುಗಳು ನಿತ್ಯದ ಸಂಗಾತಿಗಳು. ಹಿಮ ಬಿದ್ದು ಕೊಳವೆಯ ಬಾಯಿ ಮುಚ್ಚಿದರೂ ಅಪಾಯ ಎಂಬುದು ಅಲ್ಲಿ ಎಲ್ಲರಿಗೂ ತಿಳಿದ ವಿಷಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಮನೆಯಲ್ಲಿ ಈ ವಿಷಗಾಳಿಯನ್ನು ಗುರುತಿಸಿ ಕೂಗುವ ಗಂಟೆ ಇರಲೇಬೇಕೆಂಬ ಕಾನೂನಿದೆ.

ಗೀಸರ್ ಹುಟ್ಟಿದ ಬಗೆ

ಗೀಸರ್ ಎಂಬ ಹೆಸರು ಬಂದದ್ದು ಐಸ್‌ಲೆಂಡಿನ ಬಿಸಿನೀರ ಚಿಲುಮೆಯೊಂದರಿಂದ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಮ್ ಎಂಬ ಬಣ್ಣಗಾರ, ಹರಿಯುವ ನೀರನ್ನು ಗ್ಯಾಸಿನ ಉರಿಯಿಂದ ತಕ್ಷಣ ಬಿಸಿ ಮಾಡುವ ಯಂತ್ರ ಮಾಡಿ ಅದಕ್ಕೆ ಆ ಹೆಸರಿಟ್ಟ. ಸೋಜಿಗದ ಸಂಗತಿಯೆಂದರೆ ಜಗತ್ತಿನ ಈ ಮೊದಲ ಗ್ಯಾಸ್ ಗೀಸರಿಗೆ ಹೊಗೆಕೊಳವೆಯೇ ಇರಲಿಲ್ಲ. ಉರಿದ ಗಾಳಿಯೆಲ್ಲ ಸ್ನಾನದ ಕೋಣೆಗೇ ಬೀಳುತ್ತಿತ್ತು. 1889ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ನಾರ್ವೆ ಮೂಲದ ಎಡ್ವಿನ್ ರೂಡ್ ಎಂಬ ಎಂಜಿನಿಯರ್ ನೀರನ್ನು ಕಾಯಿಸಿ ಕೂಡಿಡುವ ಸ್ವಯಂಚಾಲಿತ ಹೀಟರ್ ಮಾಡಿದ. ಜರ್ಮನಿಯ ದೆಸೌ ನಗರದಲ್ಲಿ ಹ್ಯೂಗೋ ಯುಂಕರ್ಸ್ 1895ರಲ್ಲಿ ಗ್ಯಾಸ್ ಹೀಟರುಗಳ ಕಾರ್ಖಾನೆ ತೆರೆದ. ಮುಂದೆ ವಿಮಾನ ತಯಾರಿಕೆಗೆ ಹೆಸರಾದವನು ಇವನೇ. ಮುಂದಿನ ದಶಕಗಳಲ್ಲಿ ಆ ದೇಶಗಳಲ್ಲಿ ಇಂಥ ಯಂತ್ರಕ್ಕೆ ಹೊಗೆಕೊಳವೆ ಇರಬೇಕೆಂಬುದು ನಿಯಮವಾಗಿ ಬೆಳೆಯಿತು.

ಭಾರತದಲ್ಲಿ ಅಡುಗೆ ಅನಿಲದ ಸಿಲಿಂಡರು 1950ರ ದಶಕದಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. 1965ರಲ್ಲಿ ಕೋಲ್ಕತ್ತದಲ್ಲಿ ಇಂಡೇನ್ ಆರಂಭವಾಯಿತು. ದಶಕಗಳ ಕಾಲ ಸಿಲಿಂಡರು ಪಟ್ಟಣದವರ ಸೊತ್ತಾಗಿತ್ತು, ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಕೊನೆಗೆ ಅದು ಹಳ್ಳಿಗಳಿಗೂ ಹಬ್ಬಿತು. 2016ರ ಉಜ್ವಲ ಯೋಜನೆಯ ನಂತರ ಬಡವರ ಮನೆಗೂ ಬಂತು. ಅಡುಗೆಮನೆಯ ಹೊಗೆ ಕಡಿಮೆಯಾಯಿತು ಎಂಬುದು ಸಣ್ಣ ಸಾಧನೆಯಲ್ಲ.

ಸಿಲಿಂಡರು ಬಂದ ಮೇಲೆ ಗೀಸರು ಬಂತು. ಉತ್ತರ ಕರ್ನಾಟಕದಲ್ಲಿ ವಿದ್ಯುತ್ತು ಕೈಕೊಡುವುದು ಹೊಸದೇನಲ್ಲ. ಗ್ಯಾಸ್ ಗೀಸರಿಗೆ ವಿದ್ಯುತ್ತು ಬೇಡ, ಕಾಯುವ ಕೆಲಸವಿಲ್ಲ, ಬೆಲೆಯೂ ಕೈಗೆಟುಕುವಂಥದ್ದು. ಇದೇ ಹೊತ್ತಿಗೆ ಮನೆಗಳೂ ಬದಲಾಗಿದ್ದವು. ಮಾಳಿಗೆ ಹೋಗಿ ಸ್ಲ್ಯಾಬು ಬಂತು, ಬೆಳಕಿಂಡಿ ಮಾಯವಾಯಿತು. ಹಿತ್ತಲ ಬಚ್ಚಲು ಮನೆಯೊಳಗಿನ ಐದಡಿ ಏಳಡಿಯ ಸ್ನಾನದ ಕೋಣೆಯಾಯಿತು. ಅದಕ್ಕೊಂದು ಗಾಜಿನ ಪಟ್ಟಿಗಳ ಸಣ್ಣ ಕಿಟಕಿ. ಚಳಿಗಾಲದಲ್ಲಿ, ಸೊಳ್ಳೆಯ ಕಾಲದಲ್ಲಿ ಅದೂ ಮುಚ್ಚಿರುತ್ತದೆ. ಒಂದೂವರೆ ಶತಮಾನದ ಹಿಂದೆ ಲಂಡನ್ನಿನ ಬಣ್ಣಗಾರ ಮಾಡಿದ ತಪ್ಪು ಹೀಗೆ ನಮ್ಮ ಊರುಗಳಲ್ಲಿ ಮರುಕಳಿಸಿತು. ಹೊಗೆಯೇ ಇಲ್ಲದ ಬೆಂಕಿಗೆ ಕಿಂಡಿ ಏಕೆ ಎಂದು ಯಾರಿಗೂ ಅನ್ನಿಸಿತು. ಅನ್ನಿಸಿದ್ದು ಸಹಜ, ಆದರೆ ತಪ್ಪು.

ಮೂಗಿಗೆ ತಿಳಿಯದ ವಿಷ

ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿದರೆ ತಿಳಿಯಲೆಂದು ಕೊಳೆತ ಕೋಸಿನಂತೆ ನಾರುವ ಮರ್ಕಾಪ್ಟಾನ್ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಶಾಲೆಯೊಂದು ಸಿಡಿದು, ಮಕ್ಕಳೂ ಶಿಕ್ಷಕರೂ ಸೇರಿ ಸುಮಾರು 300 ಮಂದಿ ಸತ್ತ ಮೇಲೆ ಇಂಥ ವಾಸನೆ ಬೆರೆಸುವುದು ಅಲ್ಲಿ ಕಡ್ಡಾಯವಾಗಿ, ಕ್ರಮೇಣ ಬೇರೆಡೆಗೂ ಹಬ್ಬಿತು.

ಸಮಸ್ಯೆ ಇರುವುದು ಇಲ್ಲಿಯೇ. ಸ್ನಾನದ ಕೋಣೆಯ ಸಾವುಗಳನ್ನು ‘ಗೀಸರ್ ಅನಿಲ ಸೋರಿಕೆ’ ಎಂದು ಕರೆಯುವುದು ರೂಢಿ. ಬಹಳ ಸಲ ಅಲ್ಲಿ ಅನಿಲ ಸೋರಿರುವುದೇ ಇಲ್ಲ. ಅದು ಉರಿದಿರುತ್ತದೆ, ಆದರೆ ಪೂರ್ತಿ ಉರಿದಿರುವುದಿಲ್ಲ. ಉರಿಯುವಾಗ ಬೆರೆಸಿದ ವಾಸನೆಯೂ ಸುಟ್ಟುಹೋಗುತ್ತದೆ. ಸಾಕಷ್ಟು ಗಾಳಿ ಸಿಕ್ಕಾಗ ಅನಿಲ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತದೆ. ಗಾಳಿ ಸಾಲದಾದಾಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ; ಕಣ್ಣು ಮೂಗುಗಳನ್ನು ಕೆಣಕುವುದಿಲ್ಲ. ಸೌದೆಯ ಹೊಗೆ ಕೆಮ್ಮಿಸಿ ಓಡಿಸುತ್ತಿತ್ತು. ಇದು ಓಡಿಸುವುದಿಲ್ಲ, ಮಲಗಿಸುತ್ತದೆ.

ಅದು ಕೊಲ್ಲುವ ಬಗೆಯನ್ನು 1850ರ ದಶಕದಲ್ಲಿ ಬಿಡಿಸಿ ಹೇಳಿದವನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ. ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಗಾಳಿಯನ್ನು ತಾನೇ ಸೇವಿಸಿ ಪರಿಣಾಮಗಳನ್ನು ದಾಖಲಿಸಿದ. ಸಣ್ಣ ಪ್ರಾಣಿಗಳು ಮನುಷ್ಯರಿಗಿಂತ ಬೇಗ ಕುಸಿಯುವುದನ್ನು ಕಂಡು, ಕಲ್ಲಿದ್ದಲ ಗಣಿಗೆ ಇಳಿಯುವವರು ಇಲಿಯನ್ನೋ ಹಕ್ಕಿಯನ್ನೋ ಒಯ್ಯಬೇಕೆಂದು ಸಲಹೆ ಕೊಟ್ಟ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಈ ಕಾವಲು 1980ರ ದಶಕದವರೆಗೂ ನಡೆಯಿತು. ನಮ್ಮ ಸ್ನಾನದ ಕೋಣೆಯಲ್ಲಿ ಆ ಹಕ್ಕಿಯ ಜಾಗದಲ್ಲಿ ಮನೆಮಂದಿಯೇ ಇದ್ದಾರೆ.

ಅಪಾಯ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರು ಪೂರ್ಣ ಉರಿಯಲ್ಲಿ 10 ನಿಮಿಷಕ್ಕೆ ಸುಮಾರು 150 ಗ್ರಾಂ ಅನಿಲ ಸುಡುತ್ತದೆ. ಅಡುಗೆಯ ಐದಾರು ಬರ್ನರುಗಳನ್ನು ಒಟ್ಟಿಗೆ ಹಚ್ಚಿದಂತೆ. ಅಷ್ಟು ಅನಿಲ ಪೂರ್ತಿ ಉರಿಯಲು ಸುಮಾರು 2 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಒಂಬತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿಯೇ ಸುಮಾರು 9 ಘನ ಮೀಟರ್. ಅಂದರೆ ಕಿಟಕಿ ಬಾಗಿಲು ಬಿಗಿಯಾಗಿದ್ದರೆ ಹತ್ತೇ ನಿಮಿಷದಲ್ಲಿ ಕೋಣೆಯ ಆಮ್ಲಜನಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಮುಗಿದಿರುತ್ತದೆ. ಅಷ್ಟು ಮುಗಿಯುವ ಮೊದಲೇ ಉರಿ ಕೆಡತೊಡಗಿ ವಿಷ ಹುಟ್ಟತೊಡಗುತ್ತದೆ. ಗಾಳಿಯಲ್ಲಿ ಈ ವಿಷ ಶೇ 0.16ರಷ್ಟಾದರೆ ಇಪ್ಪತ್ತು ನಿಮಿಷದೊಳಗೆ ತಲೆನೋವು, ತಲೆಸುತ್ತು, ವಾಕರಿಕೆ, ಶೇ 0.64 ಆದರೆ ಒಂದೆರಡು ನಿಮಿಷದಲ್ಲೇ ತಲೆಸುತ್ತು, ಹತ್ತು ಹದಿನೈದು ನಿಮಿಷದಲ್ಲಿ ಸಾವು. ಕಾಲು ಕುಸಿಯುವ ಹೊತ್ತಿಗೆ ಅಗುಳಿ ತೆಗೆಯುವ ಶಕ್ತಿಯೂ ಇರುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಬರುವ ‘ಬಿಸಿನೀರಿನ ಮೂರ್ಛೆ’ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದನ್ನು ದೀರ್ಘಕಾಲ ಅಧ್ಯಯನ ಮಾಡಿದೆ. ಹೀಗಾಗಿ ಬಚ್ಚಲಲ್ಲಿ ಬಿದ್ದವರನ್ನು ಕಂಡಾಗ ಮೂರ್ಛೆರೋಗವೆಂದೋ ರಕ್ತದೊತ್ತಡವೆಂದೋ ಭಾವಿಸುವುದು ಸುಲಭ. ಗೀಸರಿನಿಂದ ಬರುವ ಇಂಥ ಮೂರ್ಛೆ, ಪ್ರಜ್ಞಾಹೀನತೆಗಳನ್ನು ವೈದ್ಯರು ಈಗ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಕಾರಣ ತಿಳಿಯದಿದ್ದರೆ ರೋಗಿಗೆ ಮಾತ್ರೆ ಆರಂಭವಾಗುತ್ತದೆ, ಗೀಸರು ಗೋಡೆಯ ಮೇಲೆಯೇ ಉಳಿಯುತ್ತದೆ. ಕೋವಿಡ್ ಕಾಲದಿಂದ ಮನೆಮನೆಯಲ್ಲಿರುವ ಬೆರಳಿನ ಆಕ್ಸಿಮೀಟರನ್ನೂ ನಂಬುವಂತಿಲ್ಲ. ಹಿಮೋಗ್ಲೋಬಿನ್ನಿಗೆ ಅಂಟಿದ್ದು ಆಮ್ಲಜನಕವೋ ಈ ವಿಷವೋ ಎಂಬ ಭೇದ ಅದಕ್ಕೆ ತಿಳಿಯದು. ಸಾಯುತ್ತಿರುವವರಲ್ಲೂ ಅದು ಸರಿಯಾದ ಅಂಕಿಯನ್ನೇ ತೋರಿಸಬಹುದು. ವಿಷವೇರಿದವರನ್ನು ಮೊದಲು ಬಯಲಿಗೆ ತರಬೇಕು, ಬೇಗ ಆಸ್ಪತ್ರೆಗೆ ಒಯ್ದು ಶುದ್ಧ ಆಮ್ಲಜನಕ ಕೊಡಿಸಬೇಕು. ಬರಿಯ ಗಾಳಿಯಲ್ಲಿ ಈ ವಿಷ ರಕ್ತದಿಂದ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಗೀಸರಿನ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಕಿಂಡಿ ಮತ್ತೆ ತೆರೆಯಲಿ

ಪರಿಹಾರ ಕಷ್ಟದ್ದಲ್ಲ. ಮೊದಲನೆಯದು ಹಳೆಯ ಬಚ್ಚಲಿನ ಸೂತ್ರವೇ: ಉರಿ ಹೊರಗೆ, ನೀರು ಒಳಗೆ. ಗೀಸರನ್ನೂ ಸಿಲಿಂಡರನ್ನೂ ಸ್ನಾನದ ಕೋಣೆಯ ಹೊರಗಿನ ಗೋಡೆಗೆ, ಮಳೆ ತಾಗದಂತೆ ಗಾಳಿಯಾಡುವ ಜಾಗದಲ್ಲಿಟ್ಟು ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರಬೇಕು. ಇದಕ್ಕೆ ತಗಲುವ ಖರ್ಚು ಕೆಲವು ಅಡಿ ಪೈಪಿನದು ಮಾತ್ರ.

ಗೀಸರಿಗೆ ಹೊಗೆಕೊಳವೆ ಇದ್ದರೆ ಅದು ಮೊದಲು ನೇರ ಮೇಲೇರಿ ನಂತರ ಹೊರಗೆ ಬಯಲಿಗೆ ಹೋಗಬೇಕು. ಕೆಳಮುಖ ಬಾಗು, ಸಡಿಲ ಜೋಡಣೆ, ಪಕ್ಕದ ಕೋಣೆಗೋ ಮುಚ್ಚಿದ ಸಂದಿಗೋ ಬಿಟ್ಟ ತುದಿ, ಇವು ಮೂರೂ ಅಪಾಯಕಾರಿ. ತುದಿಗೆ ಜಾಲರಿಯ ಟೋಪಿ ಇರಬೇಕು. ನೆರೆಯ ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ. ಜಾಲರಿ ಇಲ್ಲದಿದ್ದರೆ ಗುಬ್ಬಿ ನಿಜವಾಗಿಯೂ ಅಲ್ಲಿ ಗೂಡು ಕಟ್ಟುತ್ತದೆ. ವರ್ಷಕ್ಕೊಮ್ಮೆ ಕೊಳವೆಯನ್ನೂ ಬರ್ನರನ್ನೂ ತಿಳಿದವರಿಂದ ಶುಚಿ ಮಾಡಿಸಬೇಕು. ನೀಲಿ ಉರಿ ಹಳದಿಗೆ ತಿರುಗಿದರೆ, ಗೀಸರಿನ ಮೇಲೆ ಮಸಿ ಕಂಡರೆ ಅದನ್ನು ಬಳಸಕೂಡದು. ಆದರೆ ಉರಿ ನೀಲಿಯಾಗಿದೆ ಎಂಬುದೊಂದೇ ಭರವಸೆಯಲ್ಲ.

ಗಾಳಿಗೆ ಎರಡು ದಾರಿ ಬೇಕು. ಉರಿಯದೆ ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ. ಉರಿದು ಬಂದ ಬಿಸಿಗಾಳಿ ಮೇಲೇರುತ್ತದೆ. ಆದ್ದರಿಂದ ನೆಲದ ಬಳಿ ಒಂದು, ಚಾವಣಿಯ ಬಳಿ ಒಂದು, ಮುಚ್ಚಲು ಬಾರದ ಕಿಂಡಿಗಳಿರಬೇಕು. ಎಕ್ಸಾಸ್ಟ್ ಫ್ಯಾನು ಇದೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಹೊಸ ಗಾಳಿ ಬರಲು ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನು ಹೊಗೆಕೊಳವೆಯ ಗಾಳಿಯನ್ನೇ ಒಳಕ್ಕೆ ಎಳೆಯಬಹುದು. ಗೀಸರು ಒಳಗೇ ಇರುವ ಮನೆಗಳಲ್ಲಿ ಅದನ್ನು ಹೊರಗೆ ಸಾಗಿಸುವವರೆಗೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗುವುದು ಕ್ಷೇಮ. ಸಾಲಾಗಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವ ಹಬ್ಬದ ನಸುಕಿನಲ್ಲಿ ಕೊನೆಯವರಿಗೆ ಉಳಿಯುವ ಗಾಳಿ ಅತಿ ಕೆಟ್ಟದ್ದು ಎಂಬುದನ್ನೂ ನೆನಪಿಡಬೇಕು. ಚಳಿಗೆ ಶಿಗಡಿ, ಇದ್ದಿಲು ಹೊತ್ತಿಸಿ ಕೋಣೆಯಲ್ಲಿಟ್ಟು ಮಲಗುವುದಂತೂ ಸಲ್ಲದು. ಕೆಂಡ ಬೂದಿ ಮುಚ್ಚಿ ತಣ್ಣಗೆ ಕಂಡರೂ ವಿಷ ಉಗುಳುತ್ತಲೇ ಇರುತ್ತದೆ.

ಬೆಳಕಿಂಡಿಯ ಕಲ್ಲನ್ನು ಮಳೆ ನಿಂತೊಡನೆ ಸರಿಸುತ್ತಿದ್ದ ತಲೆಮಾರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಹೊಗೆ ಅವರಿಗೆ ದಿನವೂ ಪಾಠ ಹೇಳುತ್ತಿತ್ತು. ಈಗಿನ ಬೆಂಕಿ ಏನನ್ನೂ ಹೇಳುವುದಿಲ್ಲ. ಅದು ಹೇಳದಿದ್ದುದನ್ನು ಮನೆ ಕಟ್ಟುವ ಗವಂಡಿ, ಗೀಸರ್ ಜೋಡಿಸುವ ಮೆಕ್ಯಾನಿಕ್, ಅದನ್ನು ಮಾರುವ ಅಂಗಡಿಯವರು, ಬಾಡಿಗೆಗೆ ಕೊಡುವ ಮನೆಯೊಡೆಯರು ತಿಳಿದು ನಡೆಯಬೇಕಾಗಿದೆ. ಒಂದು ಇಟ್ಟಿಗೆ ತೆಗೆದರೆ ಆಗುವಷ್ಟು ಕಿಂಡಿ, ನಾಲ್ಕಡಿ ಕೊಳವೆ, ಇಷ್ಟರಿಂದ ತಪ್ಪಿಸಬಹುದಾದ ಸಾವುಗಳಿವು.